ಮನೋರಿಯ ದಂಡೆಯಿಂದ ಧಾರಾವಿಯ ಗುಡ್ಡಕ್ಕೆ

ಮಲಾಡ್ ಬಳಿಯ ಮಾರ್ವೆಯಲ್ಲಿ ದೋಣಿ ಹತ್ತಿದರೆ ಖಾಡಿಯನ್ನು ದಾಟಲು ಕೆಲವೇ ನಿಮಿಷಗಳು ಸಾಕು. ಆಚೆ ದಡದ ಮನೋರಿಯಿಂದ ಗೊರಾಯಿ, ಉತ್ತನ್ ಗ್ರಾಮಗಳನ್ನು ಹಾದು ಡೋಂಗ್ರಿಯ ಗುಡ್ಡವನ್ನೇರುವುದು ಒಂದು ಹಗಲಿನ ನಡಿಗೆ. ಈ ಭೂಭಾಗದ ಹಳೆಯ ಹೆಸರು ಧಾರಾವಿ ದ್ವೀಪ. ಮಾಹಿಮ್ ಪಕ್ಕದ ಧಾರಾವಿ ಬೇರೆ.

ದಾರಿಯುದ್ದಕ್ಕೂ ಹರವಿದ ಬಲೆಗಳು, ಬಿದಿರ ಗಳುಗಳ ಮೇಲೆ ಒಣಗುವ ಬೊಂಬಿಲ್ ಮೀನು, ಹೂಮಾಲೆ ತೊಟ್ಟ ಶಿಲುಬೆಗಳು. ಕರಾವಳಿಯಿಂದ ಬಂದ ನಮ್ಮಂಥವರಿಗೆ ಒಣಮೀನಿನ ವಾಸನೆಯೊಂದೇ ಸಾಕು, ಊರು ನೆನಪಾಗುತ್ತದೆ. ‘ಇದು ನಮ್ಮ ಮಲ್ಪೆಯಂತೆಯೇ ಇದೆ’ ಎಂದು ನಮ್ಮಲ್ಲೊಬ್ಬರು ಉದ್ಗರಿಸಿದಾಗ ಎಲ್ಲರೂ ತಲೆದೂಗಿದೆವು. ಆದರೆ ಈ ಆತ್ಮೀಯತೆಗೆ ಇನ್ನೊಂದು ಮಗ್ಗುಲಿದೆ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾಹನು ವಸಾಯಿಯನ್ನೂ ಸಾಷ್ಟಿಯನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಮುಂದೆ ಇಲ್ಲಿನ ಕೋಲಿ, ಭಂಡಾರಿ, ಕುಣಬಿ ಜನರಲ್ಲಿ ಹಲವರು ಕ್ರೈಸ್ತರಾದರು. ಆದರೆ ಬಲೆಯನ್ನಾಗಲಿ, ಗದ್ದೆಯನ್ನಾಗಲಿ, ಮರಾಠಿಯ ತಮ್ಮದೇ ನುಡಿಯನ್ನಾಗಲಿ ಬಿಡಲಿಲ್ಲ. 1739ರಲ್ಲಿ ಚಿಮಾಜಿ ಅಪ್ಪಾನ ಸೇನೆ ವಸಾಯಿಯನ್ನು ಗೆದ್ದಿತು. 1774ರಲ್ಲಿ ಸಾಷ್ಟಿ ಇಂಗ್ಲಿಷರ ಪಾಲಾಯಿತು. ಆಳುವವರು ಬದಲಾದರು, ಊರಿನವರು ಊರಿನಲ್ಲೇ ಉಳಿದರು.

ಅವರ ಹೆಸರಿಗೆ ಸಂಕಟ ಬಂದುದು ಅನಂತರ. ಮುಂಬಯಿ ಬೆಳೆದಂತೆ ಕೆಲಸ ಅರಸಿ ಗೋವಾದಿಂದಲೂ ಮಂಗಳೂರಿನಿಂದಲೂ ಕ್ರೈಸ್ತರು ಬಂದರು. ಇಂಗ್ಲಿಷರ ಕಣ್ಣಿಗೆ ಎಲ್ಲರೂ ಒಂದೇ, ‘ಪೋರ್ಚುಗೀಸ್ ಕ್ರೈಸ್ತರು’. ಹಾಗಾಗಿ 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಮೂಲನಿವಾಸಿಗಳು ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ತಾವೇ ತಳೆದರು. ತಮ್ಮ ನೆಲದಲ್ಲೇ ತಾವು ಯಾರೆಂದು ಹೇಳಿಕೊಳ್ಳಬೇಕಾದ ಪ್ರಮೇಯ ಬಂದುದು ನಮ್ಮ ಕರಾವಳಿಯಿಂದಲೂ ಬಂದವರ ಕಾರಣದಿಂದ.

ಡೋಂಗ್ರಿಯ ಗುಡ್ಡದ ಮೇಲೆ ಧಾರಾವಿ ಕೋಟೆಯ ಅವಶೇಷಗಳಿವೆ. ಉತ್ತರಕ್ಕೆ ಖಾಡಿ, ಅದರಾಚೆ ವಸಾಯಿ. ಪೂರ್ವಕ್ಕೆ ಕಾಂಡ್ಲಾ ಕಾಡು, ಭಾಯಂದರಿನ ಬಹುಮಹಡಿ ಕಟ್ಟಡಗಳು, ಅವುಗಳ ಹಿಂದೆ ಕಾನ್ಹೇರಿಯ ಬೆಟ್ಟಸಾಲು. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷ ನೃಪತುಂಗನ ಹೆಸರಿದೆ ಎಂದು ನೆನೆದಾಗ ನಮ್ಮ ಎದೆ ಉಬ್ಬಿದ್ದು ನಿಜ: ನಾವೇನು ನಿನ್ನೆ ಮೊನ್ನೆ ಬಂದವರೇ? ಆದರೆ ಆ ಶಾಸನಗಳ ಭಾಷೆ ಸಂಸ್ಕೃತ. ಆ ನಾಡನ್ನು ನೋಡಿಕೊಂಡವರು ಸಾಮಂತರಾದ ಶಿಲಾಹಾರರು. ಬೌದ್ಧ ಭಿಕ್ಷುಗಳಿಗಾಗಿ 100 ದ್ರಮ್ಮಗಳನ್ನು ಇಟ್ಟ ದಾನಿಯೊಬ್ಬ ದೂರದ ಗೌಡದೇಶದವನು. ಕನ್ನಡದ ರಾಜನೊಬ್ಬನ ಹೆಸರು ಬಂಡೆಯ ಮೇಲಿದೆಯೆಂಬ ಮಾತ್ರಕ್ಕೆ ಈ ನೆಲ ನಮ್ಮದಾಗದು.

ನಮಗೆ ಹತ್ತಿರವಾದ ವರ್ಷ ಬೇರೆಯೇ ಇದೆ. 1902ರಲ್ಲಿ, ಈಸ್ಟ್ ಇಂಡಿಯನ್ ಹೆಸರು ಹುಟ್ಟಿದ 15 ವರ್ಷಗಳ ಬಳಿಕ, ನಮ್ಮ ಕಡಲತೀರದ ಮೊಗವೀರರು ಇದೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. ಜನಸಾಗರದಲ್ಲಿ ಕರಗಿಹೋಗುವ ಭಯ ಇದ್ದವರಿಗೂ ಇತ್ತು, ಬಂದವರಿಗೂ ಇತ್ತು. ಮಕ್ಕಳಿಗೆ ಕನ್ನಡ ಉಳಿಯುವುದೇ ಎಂದು ನಾವು ಸಭೆಗಳಲ್ಲಿ ಕೇಳುವ ಪ್ರಶ್ನೆಯನ್ನು ಉತ್ತನ್‌ನ ಮನೆಗಳಲ್ಲಿ ತಮ್ಮ ನುಡಿಯ ಬಗ್ಗೆ ಕೇಳುವವರಿರಬಹುದೆಂದು ನಮಗೆ ಇದುವರೆಗೆ ಹೊಳೆದಿರಲಿಲ್ಲ.

ಗುಡ್ಡ ಇಳಿಯುವಾಗ ಬಾವಿಕಟ್ಟೆಯ ಬಳಿ ಕುಳಿತಿದ್ದ ಅಜ್ಜಿಯೊಬ್ಬರು ‘ಎಲ್ಲಿಯವರು?’ ಎಂದು ಮರಾಠಿಯಲ್ಲಿ ಕೇಳಿದರು. ಮೂವತ್ತು ವರ್ಷಗಳಿಂದ ಮುಂಬಯಿಯವರೇ ಆದ ನಾವು, ಯಾಕೋ, ‘ಮಂಗಳೂರಿನ ಕಡೆಯವರು’ ಎಂದೆವು. ಅವರು ನಕ್ಕು, ನೀರು ಕುಡಿದು ಹೋಗಿ ಎಂದರು.