ಹೋದ ದೋಣಿ ಮರಳದ ಹೊಳೆ

ಅಮೆರಿಕದ ಐಡಹೊ ರಾಜ್ಯದ ಸಾಮನ್ ನದಿಗೆ 'ಮರಳಿ ಬಾರದ ಹೊಳೆ' ಅಂತ ಅಡ್ಡಹೆಸರು. ಸರಕು ಹೊತ್ತ ಮರದ ದೋಣಿಗಳು ಸೆಳವಿನ ಜೊತೆ ಇಳಿಯುತ್ತಿದ್ದವು, ವಾಪಸ್ ಹತ್ತೋದು ಆಗದ ಮಾತು. ಕೊನೆಗೆ ದೋಣಿಯನ್ನೇ ಒಡೆದು ಹಲಗೆ ಮಾರುತ್ತಿದ್ದರು!

1932ರಲ್ಲಿ ಸಿಲ್ವನ್ ಹಾರ್ಟ್ ಎಂಬಾತ ಇದರ ದಡದ ಫೈವ್ ಮೈಲ್ ಬಾರ್‌ಗೆ ಬಂದ. 1980ರಲ್ಲಿ ಸಾಯುವ ತನಕ ಅದೇ ಅವನ ನೆಲೆ. ಮನೆ, ತಾಮ್ರದ ಪಾತ್ರೆ, ಬಂದೂಕು ಎಲ್ಲಾ ತಾನೇ ಮಾಡಿಕೊಂಡ.

1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಜೆಟ್ ಬೋಟನ್ನು ರೂಪಿಸಿದ. ನೀರು ಹೀರಿ ಹಿಂದಕ್ಕೆ ಚಿಮ್ಮಿಸೋ ಈ ದೋಣಿಗೆ ತಳದಲ್ಲಿ ಪ್ರೊಪೆಲ್ಲರ್ ಇಲ್ಲ, ಬಂಡೆಗೆ ಬಡಿಯೋ ಭಯ ಕಡಿಮೆ. ಸಾಮನ್ ಹತ್ತೋದು ಸಲೀಸಾಯ್ತು. 1980ರಲ್ಲಿ ಕಾಡಿಗೆ ಕಾನೂನಿನ ರಕ್ಷಣೆ ಸಿಕ್ಕಾಗಲೂ ಮೋಟಾರ್ ದೋಣಿಗೆ ಅನುಮತಿ ಉಳಿಯಿತು. ಈಗ ದಡದ ಮನೆಗಳಲ್ಲಿ ತಂಗಲು ಪ್ರವಾಸಿಗರೂ ಹೋಗ್ತಾರೆ.

ಕಾನೂನಿಗಿಂತ ಮೊದಲು ಆ ಕಾಡನ್ನು ಕಾದದ್ದು ಸೆಳವೇ ಅನಿಸುತ್ತೆ. ನೀವೇನಂತೀರಿ?