ಅಂಕವೂ ಗುರುವಿನ ಮಾತೂ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಊರು ಕಾಮಗೆರೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ಸೀಮೆ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತ್ತು. ಇಲ್ಲಿಯ ಕನ್ನಡದ ಹುಡುಗನಿಗೆ ಸರ್ಕಾರದ ಲೆಕ್ಕದಲ್ಲಿ ಮದರಾಸು, ನಡೆನುಡಿಯಲ್ಲಿ ಮೈಸೂರು ಹತ್ತಿರ. ಈ ಎರಡು ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ನೋಡಿದರೆ, ತಾನು ಬರೆದದ್ದಕ್ಕೆ ವಿದ್ಯಾರ್ಥಿ ಗುರುವಿನಿಂದ ಏನನ್ನು ಬಯಸುತ್ತಾನೆಂಬುದು ತಿಳಿಯುತ್ತದೆ.

1857ರಲ್ಲಿ ಲಂಡನ್ನಿನ ಮಾದರಿಯಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯ ಮೊದಲಿಗೆ ಪಾಠ ಹೇಳುವ ಸಂಸ್ಥೆಯಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ. ಪಕ್ಷಪಾತಕ್ಕೆ ಎಡೆಗೊಡಬಾರದೆಂಬ ನ್ಯಾಯ ಆ ಏರ್ಪಾಡಿನಲ್ಲಿತ್ತು, ನಿಜ. ಆದರೆ ವಿದ್ಯಾರ್ಥಿಗೆ ಮರಳಿ ಬರುತ್ತಿದ್ದುದು ಫಲಿತಾಂಶ ಮಾತ್ರ. ಎಲ್ಲಿ ತಪ್ಪಿತು, ಮುಂದೇನು ಮಾಡಬೇಕು ಎಂಬ ಮಾತು ಅದರ ಜೊತೆ ಬರುತ್ತಿರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಮೈಸೂರಿನ ಕಾಲೇಜುಗಳೂ ಮದರಾಸಿಗೇ ಸೇರಿದ್ದವು.

ಪರೀಕ್ಷೆಯ ಹೊರಗೆ ದೊರೆತ ಒಂದು ಮಾತಿನ ಬೆಲೆಯನ್ನು ನೋಡಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ವಿದ್ಯಾರ್ಥಿ ಪುಟ್ಟಪ್ಪ ತಮ್ಮ ಇಂಗ್ಲೀಷ್ ಪದ್ಯಗಳನ್ನು ತೋರಿಸಿದರು. ಕಸಿನ್ಸರು ಅವನ್ನು ಓದಿದರು. ನಿಮ್ಮ ಭಾಷೆಯಲ್ಲೇಕೆ ಬರೆಯಬಾರದು ಎಂದರು. ಹೊಗಳಿಕೆಯನ್ನು ನಿರೀಕ್ಷಿಸಿದ್ದ ತರುಣನಿಗೆ ಮೊದಲು ನಿರಾಶೆಯೇ ಆಯಿತು. ಆದರೂ ಆ ಮಾತು ದಾರಿ ತೋರಿತು. ಮುಂದೆ ಕುವೆಂಪು 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ತಮ್ಮ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ವೆಂಕಣ್ಣಯ್ಯನವರು ತೀರಿಕೊಂಡು ಆಗಲೇ ಹತ್ತು ವರ್ಷ. ಗುರು ಕೊಟ್ಟ ಅಂಕವನ್ನು ಅಷ್ಟು ಕಾಲ ಯಾರು ನೆನೆಯುತ್ತಾರೆ? ಕಾಮಗೆರೆಯ ಸೀಮೆ ಮೈಸೂರಿಗೆ ಸೇರಿದ 1956ರಲ್ಲಿಯೇ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು.

ಮಹಾರಾಜಾ ಕಾಲೇಜಿನಲ್ಲಿ ಹಿಂದೆ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ 1948–49ರಲ್ಲಿ ಕೆಲಸಮಾಡಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆ ಎಂದಿತು. ರೋಗ ಎಲ್ಲಿದೆಯೆಂಬುದನ್ನು ಬಲ್ಲವರ ಮಾತು ಅದು.

ವಿದ್ಯಾರ್ಥಿ ಬಯಸುವುದು ದೊಡ್ಡದೇನೂ ಅಲ್ಲ. ಬರೆದದ್ದನ್ನು ಗುರು ನಿಜವಾಗಿ ಓದಿರಬೇಕು. ತಪ್ಪನ್ನು ಇಂಥದೆಂದು ತೋರಿಸಬೇಕು. ತಿದ್ದಿಕೊಳ್ಳಲು ಹೊತ್ತಿರುವಾಗಲೇ ಹೇಳಬೇಕು. ಓದಿದವರ ಮನೆಯ ಮಗುವಿಗೆ ಈ ಮಾತನ್ನು ಹೇಳಲು ತಂದೆ ಇರಬಹುದು, ಅಣ್ಣ ಇರಬಹುದು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹಳ್ಳಿಯ ಹುಡುಗಿಗೆ ಗುರುವಿನ ಮಾತೊಂದೇ ಆಸರೆ. ಅದಿಲ್ಲದಿದ್ದರೆ, ಕಡಿಮೆ ಅಂಕವನ್ನು ಆಕೆ ತನ್ನ ಯೋಗ್ಯತೆಯೆಂದೇ ತಿಳಿದು ಓದು ಬಿಟ್ಟುಬಿಡಬಹುದು.