ಶೆಲಾ ನದಿಯಲ್ಲಿ ಎಣ್ಣೆ ಚೆಲ್ಲಿದಾಗ

2014ರ ಡಿಸೆಂಬರ್ 9ರ ಮುಂಜಾನೆ ಬಾಂಗ್ಲಾದೇಶದ ಸುಂದರಬನದ ಶೆಲಾ ನದಿಯ ಮೇಲೆ ದಟ್ಟ ಮಂಜು ಕವಿದಿತ್ತು. ಲಂಗರು ಹಾಕಿ ನಿಂತಿದ್ದ ‘ಸದರ್ನ್ ಸ್ಟಾರ್ 7’ ಎಂಬ ಟ್ಯಾಂಕರಿಗೆ ಇನ್ನೊಂದು ಹಡಗು ಬಂದು ಗುದ್ದಿತು. ಟ್ಯಾಂಕರಿನಲ್ಲಿ ವಿದ್ಯುತ್ ಸ್ಥಾವರಕ್ಕೆಂದು ತುಂಬಿಸಿದ್ದ ಸುಮಾರು 3,58,000 ಲೀಟರ್ ಫರ್ನೇಸ್ ಎಣ್ಣೆ ಇತ್ತು. ಹಡಗು ಮುಳುಗಿತು, ಅದರ ಕಪ್ತಾನರು ಮೃತಪಟ್ಟರು. ಎರಡು ದಿನಗಳ ನಂತರ ಅದನ್ನು ಮೇಲೆತ್ತುವಷ್ಟರಲ್ಲಿ ಎಣ್ಣೆಯ ಬಹುಪಾಲು ನೀರು ಸೇರಿತ್ತು. ಉಬ್ಬರ ಬಂದಾಗ ಮೇಲಕ್ಕೆ, ಇಳಿತವಾದಾಗ ಕೆಳಕ್ಕೆ ಹರಿಯುತ್ತಾ ಅದು ಕಾಂಡ್ಲಾ ಗಿಡಗಳ ಬುಡಕ್ಕೂ ಬೆಸ್ತರ ಬಲೆಗಳಿಗೂ ಅಂಟಿಕೊಂಡಿತು.

ನಿಜ ಹೇಳಬೇಕೆಂದರೆ ಆ ನದಿಯಲ್ಲಿ ಟ್ಯಾಂಕರುಗಳು ಓಡಾಡುವುದೇ ಸರಿಯಿರಲಿಲ್ಲ. ಶೆಲಾದ ಒಂದು ಭಾಗವನ್ನು 2012ರಲ್ಲಿ ಡಾಲ್ಫಿನ್‌ಗಳ ಅಭಯಧಾಮವೆಂದು ಘೋಷಿಸಲಾಗಿತ್ತು. ಆದರೆ ಘಸಿಯಾಖಾಲಿ ಎಂಬ ಹಳೆಯ ಜಲಮಾರ್ಗದಲ್ಲಿ ಹೂಳು ತುಂಬಿದ್ದರಿಂದ 2011ರಿಂದ ಹಡಗುಗಳು ಕಾಡಿನ ನಡುವಿನ ಈ ದಾರಿಯನ್ನೇ ಹಿಡಿದಿದ್ದವು.

ಎಣ್ಣೆ ತೆಗೆಯಲು ಯಂತ್ರಗಳಿರಲಿಲ್ಲ. ರಾಸಾಯನಿಕ ಸಿಂಪಡಿಸಿದರೆ ಕಾಡಿಗೆ ಇನ್ನಷ್ಟು ಕೇಡಾದೀತೆಂಬ ಭಯದಿಂದ ಆ ಯೋಚನೆ ಬಿಟ್ಟರು. ಕೊನೆಗೆ ಸರ್ಕಾರ ಹಳ್ಳಿಯವರನ್ನೇ ಕರೆಯಿತು. ಸರ್ಕಾರಿ ಸಂಸ್ಥೆಯಾದ ಪದ್ಮಾ ಆಯಿಲ್ ಕಂಪನಿ, ಕೂಡಿಸಿ ತಂದ ಎಣ್ಣೆಗೆ ಲೀಟರಿಗೆ 30 ಟಾಕಾ ಕೊಡುವುದಾಗಿ ಹೇಳಿತು. ಆಮೇಲೆ ಅದನ್ನು 40ಕ್ಕೆ ಏರಿಸಿತು. ಗಂಡಸರು, ಹೆಂಗಸರು, ಮಕ್ಕಳು ಪಾತ್ರೆ, ಸ್ಪಂಜು, ಬಟ್ಟೆ, ಬಲೆ ಹಿಡಿದು ದೋಣಿ ಇಳಿಸಿದರು. ಹೆಚ್ಚಿನವರ ಕೈಗೆ ಗವಸಿರಲಿಲ್ಲ. ತಲೆನೋವು, ವಾಂತಿ, ಚರ್ಮದ ಉರಿ ಎಂದು ಅನೇಕರು ಹೇಳಿಕೊಂಡರು. ಮೈಯೆಲ್ಲ ಕಪ್ಪಾದ ಮಕ್ಕಳ ಚಿತ್ರಗಳು ಲೋಕದ ಪತ್ರಿಕೆಗಳಲ್ಲೆಲ್ಲ ಬಂದವು.

ಹೀಗೆ ಸಿಕ್ಕಿದ್ದು ಸುಮಾರು 68,200 ಲೀಟರ್, ಅಂದರೆ ಇದ್ದದ್ದರಲ್ಲಿ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಲೀಟರಿಗೆ 40 ಟಾಕಾ ಎಂದೇ ಹಿಡಿದರೂ ಆ ಹಳ್ಳಿಗಳಿಗೆಲ್ಲ ಸೇರಿ ಬಂದ ಹಣ 28 ಲಕ್ಷ ಟಾಕಾ ದಾಟುವುದಿಲ್ಲ. ಕಾಡಿಗಾದ ಹಾನಿಗಾಗಿ ಅರಣ್ಯ ಇಲಾಖೆ ಹಡಗು ಮಾಲೀಕರ ಮೇಲೆ ಹೂಡಿದ ಮೊಕದ್ದಮೆ 100 ಕೋಟಿ ಟಾಕಾದ್ದು.

ಬೆಸ್ತರಿಗೆ ಸಹಾಯವೇ ಆಗಲಿಲ್ಲ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಬೆಲೆ ಕಟ್ಟಿದ್ದು ಎಣ್ಣೆಗೆ, ಕಳೆದುಹೋದ ದಿನಗಳಿಗಲ್ಲ ಎಂಬುದಷ್ಟೇ ನಮ್ಮ ಮಾತು. ಸುಂದರಬನದ ಬೆಸ್ತನ ಬದುಕು ‘ದಾದನ್’ ಎಂಬ ಮುಂಗಡ ಸಾಲದ ಮೇಲೆ ನಿಂತಿದೆ. ಬಲೆಗೂ ದೋಣಿಗೂ ಮಹಾಜನ ಮೊದಲೇ ದುಡ್ಡು ಕೊಟ್ಟಿರುತ್ತಾನೆ. ಹಿಡಿದ ಮೀನನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಕೊಟ್ಟು ತೀರಿಸಬೇಕು. ಮೀನಿಲ್ಲದ ಒಂದೊಂದು ದಿನವೂ ಸಾಲದ ಬೆನ್ನಿಗೆ ಸೇರುತ್ತದೆ. ನದಿ ದಂಡೆಯಲ್ಲಿ ಸೀಗಡಿ ಮರಿ ಹಿಡಿದು ಮಾರುವ ಹೆಂಗಸರದ್ದೂ ಇದೇ ಕಥೆ. ಎಣ್ಣೆ ಮೆತ್ತಿದ ಬಲೆಗೆ ಯಾವ ಲೀಟರಿನ ಲೆಕ್ಕ?

ಇಂಥ ನಷ್ಟಕ್ಕೆ ಜಗತ್ತಿನಲ್ಲಿ ಕಾನೂನಿಲ್ಲವೆಂದಲ್ಲ. 1967ರಲ್ಲಿ ‘ಟೋರಿ ಕ್ಯಾನ್ಯನ್’ ಎಂಬ ಟ್ಯಾಂಕರ್ ಇಂಗ್ಲೆಂಡಿನ ಕರಾವಳಿಯ ಬಳಿ ಒಡೆದ ಮೇಲೆ, 1969ರಲ್ಲಿ ಹಡಗು ಮಾಲೀಕರ ಹೊಣೆಯ ಒಪ್ಪಂದವೂ 1971ರಲ್ಲಿ ಪರಿಹಾರ ನಿಧಿಯ ಒಪ್ಪಂದವೂ ಆದವು. ಬೆಸ್ತರ ಕಳೆದ ಗಳಿಕೆಯನ್ನೂ ಈ ನಿಧಿ ತುಂಬಿಕೊಡುತ್ತದೆ. ಆದರೆ ಅದು ಸಮುದ್ರಯಾನದ ಟ್ಯಾಂಕರುಗಳಿಗೆ ಸಂಬಂಧಪಟ್ಟದ್ದು, ಮೇಲಾಗಿ ಬಾಂಗ್ಲಾದೇಶ ಅದರ ಸದಸ್ಯನಾಗಿರಲಿಲ್ಲ.

ಸದಸ್ಯನಾಗಿದ್ದ ದೇಶದಲ್ಲೇನಾಯಿತು? 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದ ತೇಆನ್ ಕರಾವಳಿಯಲ್ಲಿ ‘ಹೆಬೇ ಸ್ಪಿರಿಟ್’ ಹಡಗಿನಿಂದ 10,000 ಟನ್ನಿಗೂ ಹೆಚ್ಚು ಕಚ್ಚಾ ಎಣ್ಣೆ ಚೆಲ್ಲಿತು. 12 ಲಕ್ಷ ಸ್ವಯಂಸೇವಕರು ಬಂದು ಒಂದೊಂದೇ ಕಲ್ಲನ್ನು ಬಟ್ಟೆಯಿಂದ ಒರೆಸಿದರು. ಆ ದೃಶ್ಯವನ್ನು ಇಂದಿಗೂ ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಮರು ತಿಂಗಳೇ ಅದೇ ಊರಿನ ಮೂವರು ಬದುಕು ಮುರಿದು ಜೀವ ಕಳೆದುಕೊಂಡರು. ನಿಧಿಯ ಮುಂದೆ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಬರಿಗೈಯಲ್ಲಿ ಚಿಪ್ಪು ಅಗೆದು ಮಾರುತ್ತಿದ್ದವರ ಬಳಿ ಮಾರಾಟದ ಚೀಟಿ ಇರಲಿಲ್ಲ. ಚೀಟಿಯಿಲ್ಲದೆ ನಷ್ಟ ರುಜುವಾಗಲಿಲ್ಲ. ವರ್ಷಗಟ್ಟಲೆ ನಡೆದ ವ್ಯಾಜ್ಯದ ಕೊನೆಗೆ ಒಪ್ಪಿತವಾದದ್ದು ಕೇಳಿದ ಮೊತ್ತದ ಹತ್ತನೇ ಒಂದರಷ್ಟು. ಅರ್ಜಿಗಳಲ್ಲಿ ಹಿಗ್ಗಿಸಿ ಬರೆದವೂ ಇದ್ದವು ಅನ್ನಿ. 2008ರಲ್ಲಿ ಕೊರಿಯಾ ಸರ್ಕಾರ ವಿಶೇಷ ಕಾನೂನು ಮಾಡಿ, ಪರಿಹಾರ ಬರುವವರೆಗೆ ಕಾಯಿಸದೆ ಮುಂಗಡ ಹಣ ಕೊಡುವ ದಾರಿ ತೆರೆಯಿತು. ಒಲೆ ಉರಿಯಬೇಕಾದ್ದು ತೀರ್ಪಿನ ದಿನವಲ್ಲ, ಇಂದು ಎಂಬುದನ್ನು ಅರಿತು ಮಾಡಿದ ಕೆಲಸವದು.

ನಮ್ಮ ಅರಬ್ಬಿ ಕಡಲಿಗೆ ಬಂದರೆ, 2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ ಕಂಟೇನರ್ ಹಡಗು ಕೇರಳದ ಬಳಿ ಮುಳುಗಿತು. ಮುಂಗಾರಿನ ಮೀನುಗಾರಿಕೆ ನಿಷೇಧಕ್ಕೆ ಕೆಲವೇ ದಿನ ಉಳಿದಿದ್ದ ಹೊತ್ತು. ಹಡಗಿನ ಸುತ್ತ 20 ನಾಟಿಕಲ್ ಮೈಲಿ ಬಲೆ ಹಾಕಬಾರದೆಂದರು. ಹಾಕಿದವರ ಮೀನನ್ನೂ ಎಣ್ಣೆಯ ಭಯದಿಂದ ಜನ ಕೊಳ್ಳಲು ಹಿಂಜರಿದರು. ಕೇರಳ ಸರ್ಕಾರ ನಾಲ್ಕು ಜಿಲ್ಲೆಗಳ ಬೆಸ್ತರ ಕುಟುಂಬಗಳಿಗೆ 1,000 ರೂಪಾಯಿ ಮತ್ತು 6 ಕಿಲೋ ಅಕ್ಕಿ ಪ್ರಕಟಿಸಿತು. ಹೈಕೋರ್ಟಿನಲ್ಲಿ ಹಡಗಿನವರಿಂದ 9,531 ಕೋಟಿ ರೂಪಾಯಿ ಕೇಳಿತು.

ನಾಳೆ ಇಂಥದ್ದೇ ಹಡಗು ಮಂಗಳೂರಿನ ಎದುರು ಮುಳುಗಿದರೆ? ನಮ್ಮ ಬೋಟುಗಳಿಗೆ ನೋಂದಣಿ ಇದೆ, ಡೀಸೆಲ್ ಲೆಕ್ಕವಿದೆ. ಅಳಿವೆಯಲ್ಲಿ ಮರುವಾಯಿ ಹೆಕ್ಕಿ, ಬುಟ್ಟಿ ಹೊತ್ತು ಮನೆಮನೆಗೆ ಮಾರುವವರ ಗಳಿಕೆ ಯಾವ ಪುಸ್ತಕದಲ್ಲೂ ಇಲ್ಲ. ದಿನಾಂಕ, ಸಿಕ್ಕಿದ್ದೆಷ್ಟು, ಮಾರಿದ್ದು ಎಷ್ಟಕ್ಕೆ ಎಂದು ದಿನಕ್ಕೊಂದು ಸಾಲು ಬರೆದಿಡಲು ಶಾಲೆಗೆ ಹೋಗುವ ಮಕ್ಕಳು ಅವರ ಮನೆಗಳಲ್ಲೇ ಇದ್ದಾರೆ. ನೋಟ್ ಪುಸ್ತಕ ಕೊಡುವ ಕೆಲಸವನ್ನು ಊರಿನ ಜಮಾಅತ್ ಕಮಿಟಿಯೋ ಮೀನುಗಾರರ ಸಹಕಾರ ಸಂಘವೋ ಈ ಮಳೆಗಾಲದಲ್ಲೇ ಮಾಡಬಹುದು.